ಹೊಟ್ಟೆ ಕರಗಿಸ್ಲಿಕ್ಕೆ ನನ್ನ ಕ್ಲಾಸಿಗೆ ಬರಬೇಡಿ

ಮಳೆ ಮುಗಿದ ಮೇಲೆ ಬೆಲ್ಲಿ ಡ್ಯಾನ್ಸ್ ಹೊಸ ಬ್ಯಾಚ್ ಶುರು ಅಂತ ಹಾಕಿದ್ದೇ ತಡ, ಮೆಸೇಜುಗಳು ಬರ್ತಾ ಇವೆ. ಮುಕ್ಕಾಲು ಪಾಲು ಒಂದೇ ಪ್ರಶ್ನೆ. "ಮೇಡಂ, ಎಷ್ಟು ತಿಂಗಳಲ್ಲಿ ಹೊಟ್ಟೆ ಇಳಿಯುತ್ತೆ?" ಪಿಸಿಒಡಿ ಹೋಗುತ್ತಾ ಅಂತ ಕೇಳಿದವರೂ ಇದ್ದಾರೆ. ಅದಕ್ಕೆ ಡಾಕ್ಟರ್ ಇದ್ದಾರೆ. ನಾನು ಕಲಿಸುವುದು ಡ್ಯಾನ್ಸ್.

ಬೈಯುವವರ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ. "ಎಂತ ಮಾರಾಯ್ತಿ, ಸೊಂಟ ಕುಣಿಸ್ಲಿಕ್ಕೂ ಕ್ಲಾಸಾ?" ಅನ್ನುವವರು ಇದು ಕುಣಿತ ಅಂತಾದರೂ ಒಪ್ಪುತ್ತಾರೆ. ನನ್ನ ಪರ ಮಾತಾಡುವವರೇ ಕಷ್ಟ. "ಛೆ, ಹಾಗೆಲ್ಲ ಹೇಳಬೇಡಿ, ಅದು ಒಳ್ಳೆ ಎಕ್ಸರ್‌ಸೈಜ್" ಅಂತ ನನ್ನನ್ನು ಕಾಪಾಡಲು ಬರುತ್ತಾರೆ. ಹೆಂಗಸು ಸುಮ್ನೆ ಖುಷಿಗೆ ಕುಣಿದರೆ ಸಾಲದು, ಏನಾದರೂ ಲಾಭ ತೋರಿಸಬೇಕು, ಅಲ್ವಾ?

ನಮ್ಮ ಕೊಡಗಿನ ಮದುವೆಯಲ್ಲಿ ವಾಲಗ ಶುರುವಾದಾಗ ಯಾರಾದರೂ ಕಾರಣ ಕೇಳ್ತಾರಾ? ಕುಪ್ಯ ಅನ್ನುವ ಉದ್ದ ಕೋಟು ತೊಟ್ಟ ಅಜ್ಜಂದಿರು, ನೆರಿಗೆ ಹಿಂದಕ್ಕೆ ಸಿಕ್ಕಿಸಿದ ಆಂಟಿಯರು, ನಿನ್ನೆ ತಾನೇ ಬೆಂಗಳೂರಿಂದ ಬಂದ ಹುಡುಗರು, ಎಲ್ಲರೂ ಕೈ ಎತ್ತಿ ಕುಣಿಯುತ್ತಾರೆ. ಕ್ಯಾಲೊರಿ ಲೆಕ್ಕ ಹಾಕಿದವರನ್ನು ನಾನಂತೂ ನೋಡಿಲ್ಲ. ಬೆಲ್ಲಿ ಡ್ಯಾನ್ಸ್ ಬೆಳೆದ ಈಜಿಪ್ಟಿನ ಮದುವೆ ಮನೆಗಳಲ್ಲೂ ಹೀಗೆಯೇ. ದರ್ಬುಕಾ ಅನ್ನುವ ಡೋಲಿನ ಸದ್ದು ಕೇಳಿದರೆ ಅತ್ತೆ, ಸೊಸೆ, ಪುಟ್ಟ ಮಗು ಎಲ್ಲರಿಗೂ ಸೊಂಟ ತಾನಾಗಿ ತಿರುಗುತ್ತೆ. ಅದು ದೊಡ್ಡ ವೇದಿಕೆ ಹತ್ತಿದ್ದು ಆಮೇಲೆ. ಬದಿಯಾ ಮಸಾಬ್ನಿ ಎಂಬ ಗಟ್ಟಿ ಹೆಂಗಸು 1926ರಲ್ಲಿ ಕೈರೋದಲ್ಲಿ ತನ್ನದೇ ನೈಟ್ ಕ್ಲಬ್ ತೆರೆದಳು. ತಾಹಿಯಾ ಕ್ಯಾರಿಯೋಕಾ, ಸಾಮಿಯಾ ಗಮಾಲ್ ಅಲ್ಲಿ ಕುಣಿದು ಹೆಸರು ಮಾಡಿ, ಸಿನಿಮಾದಲ್ಲೂ ಮೆರೆದರು. ವಿರೋಧ ಅಲ್ಲೂ ಹಳೆಯದೇ. 1834ರಲ್ಲಿ ಅಲ್ಲಿನ ದೊರೆ ಮುಹಮ್ಮದ್ ಅಲಿ ಕುಣಿಯುವ ಹೆಂಗಸರನ್ನು ಕೈರೋದಿಂದಲೇ ಓಡಿಸಿದ್ದ. ಅದರ ಮುಂದೆ ನಮ್ಮ ಪಕ್ಕದ ಮನೆಯವರ ಪಿಸುಮಾತು ಏನೂ ಅಲ್ಲ ಬಿಡಿ.

ಕ್ಲಾಸಿನಲ್ಲಿ ಮೊದಲು ಚಪ್ಪಾಳೆ. ದುಂ ತೆಕ್, ತೆಕ್ ದುಂ, ತೆಕ್. ಇದು ಮಕ್ಸೂಮ್ ತಾಳ. ಇದು ಕಿವಿಗೆ ಹತ್ತುವವರೆಗೆ ಸೊಂಟ ಅಲ್ಲಾಡಿಸಿ ಪ್ರಯೋಜನ ಇಲ್ಲ. ಕಾಸು ಪೋಣಿಸಿದ ಸ್ಕಾರ್ಫ್ ಕಟ್ಟಲು ಎಲ್ಲರಿಗೂ ಆಸೆ, ನಾನು ಶುರುವಿನಲ್ಲಿ ಬಿಡುವುದಿಲ್ಲ. ಝಲ್ ಅನ್ನುವ ಸದ್ದಿನಲ್ಲಿ ತಾಳ ತಪ್ಪಿದ್ದೆಲ್ಲ ಮುಚ್ಚಿಹೋಗುತ್ತೆ. ಶಿಮ್ಮಿ, ಅಂದರೆ ಸೊಂಟದ ನಡುಕ, ಸೊಂಟದಿಂದಲೇ ಬರುತ್ತೆ ಅಂತ ಹೊಸಬರು ಸೊಂಟವನ್ನೇ ಒದ್ದಾಡಿಸುತ್ತಾರೆ. ನಾನು ಕಲಿಸುವ ಶಿಮ್ಮಿಯಲ್ಲಿ ಕೆಲಸ ಮಾಡುವುದು ಮಂಡಿ. ಮಂಡಿ ಸಡಿಲ ಬಿಟ್ಟು ಒಂದಾದ ಮೇಲೊಂದು ಹಿಂದೆ ಮುಂದೆ ಮಾಡಿದರೆ ಸೊಂಟ ತಾನೇ ನಡುಗುತ್ತೆ, ಎದೆ ಭುಜ ಮಾತ್ರ ಅಲ್ಲಾಡಬಾರದು. ಕೈಯಲ್ಲಿ ತಾಳ ಹಿಡಿದು ನಮ್ಮ ಕೊಡವ ಹೆಂಗಸರ ಕುಣಿತ ಉಮ್ಮತ್ತಾಟ್ ಆಡಿ ಬೆಳೆದವರಿಗೆ ಬೆರಳಿಗೆ ಸಿಕ್ಕಿಸುವ ಪುಟ್ಟ ತಾಳ ಸಗಾತ್ ಬೇಗ ಕೈಗೆ ಹತ್ತುತ್ತೆ. ಕಾಲಿನ ಜೊತೆ ಕೈಯಲ್ಲೂ ತಾಳ ಹಾಕುವುದು ಅವರಿಗೆ ಹೊಸದಲ್ಲ. ಇದನ್ನು ಯಾವ ತೂಕದ ಮಿಷನ್ನೂ ತೋರಿಸುವುದಿಲ್ಲ.

ಇನ್ನು ಡಿಸೆಂಬರ್ ಬಂತು ಅಂದರೆ ರೆಸಾರ್ಟ್ ಫೋನುಗಳು. "ಕ್ಯಾಂಪ್ ಫೈರ್ ಹತ್ತಿರ ಒಂದೆರಡು ಹಾಡಿಗೆ ಕುಣೀರಿ, ಗೆಸ್ಟ್ ಜೊತೆ ಫೋಟೋ ತೆಗೆಸಿಕೊಳ್ಳಿ, ಒಳ್ಳೆ ಎಕ್ಸ್‌ಪೋಶರ್ ಸಿಗುತ್ತೆ." ಆ ಚಳಿಯಲ್ಲಿ ಆ ಡ್ರೆಸ್ಸಿಗೆ ಸಿಗುವುದು ನೆಗಡಿ. ಒಂದು ಕಡೆ ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಬರಿಗಾಲಲ್ಲಿ ಕುಣಿಸಿ, ಕೊನೆಗೆ ಗೆಸ್ಟ್ ಕಮ್ಮಿ ಇದ್ದರು ಅಂತ ದುಡ್ಡು ಕಡಿತ ಮಾಡಿದರು. ಆಮೇಲಿಂದ ನನ್ನ ಷರತ್ತು ವಾಟ್ಸಾಪಿನಲ್ಲೇ ಹೋಗುತ್ತೆ. ಗಟ್ಟಿ ಸಮ ನೆಲ ಬೇಕು. ಬಟ್ಟೆ ಬದಲಿಸಲು ಚಿಲಕ ಇರುವ ರೂಮು ಬೇಕು. ದುಡ್ಡು ಮೊದಲೇ. ಮೊಬೈಲ್ ಹಿಡಿದು ಮೈಮೇಲೆ ಬಂದರೆ ಹಾಡು ಅಲ್ಲಿಗೇ ನಿಲ್ಲುತ್ತೆ. ಸುಮಾರು ಜನ ಮತ್ತೆ ಫೋನ್ ಮಾಡುವುದಿಲ್ಲ, ಮಾಡುವವರು ಒಳ್ಳೆಯವರು.

ಈ ಬ್ಯಾಚಿಗೆ ಸಯೀದಿ ಇಟ್ಟಿದ್ದೇನೆ, ಕೋಲು ಹಿಡಿದು ಕುಣಿಯುವುದು. ದಕ್ಷಿಣ ಈಜಿಪ್ಟಿನ ಗಂಡಸರದ್ದು ತಹ್ತೀಬ್ ಅಂತ ಕೋಲಿನ ಕಾಳಗದಾಟ ಇದೆ, ನಮ್ಮ ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕೋಲು ಹಿಡಿದು ಆಡುವ ಪರಿಯಕಳಿ ನೋಡಿದವರಿಗೆ ಅದರ ಗತ್ತು ಬೇಗ ಅರ್ಥವಾಗುತ್ತೆ. ಹೆಂಗಸರು ಅದೇ ಕೋಲನ್ನು ಹಗುರ ಮಾಡಿ, ಬೆರಳಲ್ಲಿ ತಿರುಗಿಸಿ, ತಲೆ ಮೇಲೆ ನಿಲ್ಲಿಸಿ, ಗಂಡಸರ ಆ ಗತ್ತನ್ನೇ ಸ್ವಲ್ಪ ಆಡಿಕೊಳ್ಳುತ್ತಾರೆ. ನನಗೆ ಎಲ್ಲಕ್ಕಿಂತ ಇಷ್ಟದ ಕುಣಿತ ಇದು. ಬರುವವರು ಕೋಲು ನೀವೇ ತನ್ನಿ. ತೋಟದಲ್ಲಿ ಬಿದ್ದ ನೆಟ್ಟಗಿನ ಕೋಲಾದರೂ ಪರವಾಗಿಲ್ಲ, ಗಂಟು ಕೆತ್ತಿ ತನ್ನಿ, ಪಕ್ಕದವರ ಕಣ್ಣು ಮುಖ್ಯ.