ಉದ್ದೇಶ: ಇತರೆ

ಕೊಡಗಿನ ಆಯುಧಪೂಜೆ ಕೈಲ್‌ಪೊಳ್ದ್ ದಿನ ನಮ್ಮ ಬಲ್ಯಪ್ಪನ, ಅಂದರೆ ದೊಡ್ಡಪ್ಪನ, ಹೊಸ ಕೋವಿ ಮಾಡಿದ ಸದ್ದು ಇಷ್ಟೇ: ‘ಟಿಕ್’.

ಮರದ ತುದಿಯಲ್ಲಿ, ಗುರಿಯಿಟ್ಟು ಹೊಡೆಯಲಿಕ್ಕೆ, ತೆಂಗಿನಕಾಯಿ. ಕೆಳಗೆ ಹೊಟ್ಟೆಗೆ ಕಡಂಬುಟ್ಟು, ಪಂದಿಕರಿ ತುಂಬಿಕೊಂಡು ನಿಂತ ಒಕ್ಕದವರೆಲ್ಲ, ಇಡೀ ಮನೆತನ. ಬೆಳಿಗ್ಗೆ ದೇವರ ಕೋಣೆ ಕನ್ನಿಕೋಂಬರೆಯಲ್ಲಿ ಗಂಧ ಹಚ್ಚಿಸಿಕೊಂಡು, ನಳಿಗೆಗೆ ತೋಕ್ ಪೂ ಎಂಬ ಕಾಡುಹೂ ಮುಡಿಸಿಕೊಂಡು, ಮದುವಣಗಿತ್ತಿಯ ಹಾಗೆ ಕೂತಿದ್ದ ಜೋಡುನಳಿಗೆ ಕೋವಿ ಅದು. ಬಲ್ಯಪ್ಪನಿಗೆ ವಯಸ್ಸು ಎಪ್ಪತ್ತಾರು, ಗುರಿ ಮಾತ್ರ ಇನ್ನೂ ಮೂವತ್ತರದ್ದು. ಕುದುರೆ ಎಳೆದರು. ಟಿಕ್.

ಗುಂಡು ಹಾರದಿದ್ದರೆ ಕೂಡಲೇ ಕೋವಿ ಬಿಚ್ಚಬಾರದು. ಮದ್ದು ತಡವಾಗಿ ಹೊತ್ತಿಕೊಂಡರೂ ಹೊತ್ತಿಕೊಂಡೀತು. ನಳಿಗೆಯನ್ನು ಜನರಿಲ್ಲದ ಕಡೆಗೇ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು. ಇದನ್ನು ನಮಗೆಲ್ಲ ಸಣ್ಣವರಿರುವಾಗ ತಲೆಗೆ ಮೊಟಕಿ ಕಲಿಸಿದ್ದೇ ಬಲ್ಯಪ್ಪ. ಹಾಗಾಗಿ ಕಾದರು. ಇಡೀ ಒಕ್ಕವೂ ಉಸಿರು ಬಿಗಿಹಿಡಿದು ಕಾಯಿತು. ಹಿಂದಿನಿಂದ ಯಾರೋ, “ಕಾಯಿ ತಾನಾಗಿ ಉದುರುವ ತನಕ ಕಾಯುವುದಾ ಬಲ್ಯಪ್ಪಾ?” ಅಂದರು. ಎಡ ನಳಿಗೆಯದ್ದೂ ಅದೇ ಕತೆ. ಕೊನೆಗೆ ಕೋವಿ ಮಡಚಿ ಕಾಡತೂಸು ತೆಗೆದು ನೋಡಿದರೆ, ಹಿಂಬದಿಯ ಕ್ಯಾಪಿನ ಮೇಲೆ ಪಿನ್ ಬಡಿದ ಗುರುತು ಸೊಳ್ಳೆ ಕಚ್ಚಿದಷ್ಟೂ ಇಲ್ಲ.

ಕಾಯಿ ಹೊಡೆದವನು ಬಲ್ಯಪ್ಪನ ಅಳಿಯ. ಅದೂ ಪಕ್ಕದ ಮನೆಯಿಂದ ಎರವಲು ತಂದ ಒಂಟಿನಳಿಗೆ ಕೋವಿಯಲ್ಲಿ. ಈ ಗಾಯದ ಬಗ್ಗೆ ಹೆಚ್ಚು ಬರೆಯುವುದು ಬೇಡ, ಅವರು ಇದನ್ನು ಓದುತ್ತಾರೆ.

“ವಾರಂಟಿ ಉಂಟು. ಕಂಪನಿಗೆ ಫೋನ್ ಮಾಡು” ಎಂದು ಅಪ್ಪಣೆಯಾಯಿತು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕುಟ್ಟುವವನಿಗೆ ಇಂಥ ಕೆಲಸವೆಲ್ಲ ಬರುತ್ತದೆ ಎಂಬ ನಂಬಿಕೆ ಊರಲ್ಲಿ ಇನ್ನೂ ಉಳಿದಿದೆ.

ನಮ್ಮಲ್ಲಿ ಸಿಗ್ನಲ್ ಸಿಗುವುದು ಕಾಫಿ ಕಣದ ಒಂದು ಮೂಲೆಯಲ್ಲಿ ಮಾತ್ರ. ಸೆಪ್ಟೆಂಬರ್ ಮಳೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನು, ಕಾಲಲ್ಲಿ ಜಿಗಣೆ. ಇಪ್ಪತ್ತು ನಿಮಿಷ ಸಂಗೀತ ಕೇಳಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ನನ್ನ ಇಂಗ್ಲಿಷಿನಲ್ಲೇ ಕನ್ನಡದ ವಾಸನೆ ಹಿಡಿದು, “ಕನ್ನಡದಾಗ ಹೇಳ್ರಿ ಸರ, ನಾವು ಹುಬ್ಬಳ್ಳಿಯವ್ರು” ಅಂದಳು. ಜಿಗಣೆ ಮರೆತೇಹೋಯಿತು.

“ಪ್ರಾಡಕ್ಟ್ ಆನ್ ಆಗ್ತೈತೇನ್ರಿ?”

“ಮೇಡಂ, ಅದು ಕೋವಿ.”

“ಗೊತ್ತೈತ್ರಿ ಸರ. ನಮ್ಮ ಲಿಸ್ಟಿನಾಗ ಹಂಗ ಕೇಳಂತ ಐತಿ. ಇರ್ಲಿ, ಲೈಸೆನ್ಸ್ ನಂಬರ್ ಹೇಳ್ರಿ.”

ಸಿಕ್ಕಿಕೊಂಡದ್ದು ಇಲ್ಲಿ. ನಮ್ಮಲ್ಲಿ ಕೋವಿ ಉಂಟು, ಲೈಸೆನ್ಸ್ ಇಲ್ಲ. ಕಳ್ಳಕೋವಿಯೂ ಅಲ್ಲ. ಕೊಡವರಿಗೆ ಮತ್ತು ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಲೈಸೆನ್ಸ್ ಬೇಡವೆಂದು ಸರಕಾರವೇ ಹೇಳಿದೆ. ನಮ್ಮ ಹತ್ತಿರ ಇರುವುದು ವಿನಾಯಿತಿ ಪತ್ರ. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದೆ. ಇಷ್ಟನ್ನು ಮಳೆಯಲ್ಲಿ ಕೂಗಿ ಹೇಳಿದೆ.

“ವಿನಾಯಿತಿ ಅಂತ ಕಾಲಮ್ಮೇ ಇಲ್ರಿ ಸರ. ಯಾರು ಕೊಟ್ಟಾರ್ರಿ ಅದನ್ನ?”

“ಮೊದಲು ಕೊಟ್ಟದ್ದು ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್. 1861ರಲ್ಲಿ.”

ಅವಳು ಟೈಪ್ ಮಾಡುವ ಸದ್ದು ಕೇಳಿಸಿತು. “ಆ ಕಬ್ಬನ್ ಸರ್ ಅವ್ರದು ಇಮೇಲ್ ಐಡಿ ಏನರ ಐತೇನ್ರಿ?”

“ತೀರಿಕೊಂಡರು ಮೇಡಂ. ಅದೇ ವರ್ಷ, ಊರಿಗೆ ಹೋಗುವ ದಾರಿಯಲ್ಲಿ, ಸೂಯೆಜ್‌ನಲ್ಲಿ.”

“ಅಯ್ಯ, ಭಾಳ ಬೇಜಾರಾತ್ರಿ ಸರ.”

ಬೆಂಗಳೂರಿನಲ್ಲಿ ಅವನ ಹೆಸರಿನ ಪಾರ್ಕಿನಲ್ಲಿ ವಾರಕ್ಕೆ ಮೂರು ದಿನ ಓಡುತ್ತೇನೆ. ಇಷ್ಟು ಪ್ರಾಮಾಣಿಕವಾಗಿ ಅವನಿಗೆ ಸಂತಾಪ ಹೇಳಿದವರನ್ನು ನಾನು ಕಂಡಿಲ್ಲ.

ಲಿಂಕ್ ಬಂತು. ಲೈಸೆನ್ಸ್ ನಂಬರಿನ ಚೌಕಕ್ಕೆ ಕೆಂಪು ನಕ್ಷತ್ರ, ಖಾಲಿ ಬಿಟ್ಟರೆ ಮುಂದಕ್ಕೆ ಹೋಗುವುದಿಲ್ಲ. ಸೊನ್ನೆಗಳನ್ನು ತುಂಬಿದೆ. ಆಮೇಲಿನ ಪ್ರಶ್ನೆ, ಕೋವಿ ಇಟ್ಟುಕೊಂಡ ಉದ್ದೇಶ: ಆತ್ಮರಕ್ಷಣೆ, ಬೆಳೆ ರಕ್ಷಣೆ, ಕ್ರೀಡೆ, ಇತರೆ. ಬಲ್ಯಪ್ಪನನ್ನು ಕೇಳಿದೆ. “ಪೂಜೆಗೆ” ಅಂದರು. ಮತ್ತೆ ಯೋಚಿಸಿ, “ಮನೆಯಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು, ಯಾರಾದರೂ ಸತ್ತರೆ ಎರಡು. ಅದನ್ನೂ ಬರೆ” ಅಂದರು. ನಾನು ‘ಇತರೆ’ ಒತ್ತಿದೆ. ಎರಡು ದಿನ ಬಿಟ್ಟು ಉತ್ತರ ಬಂತು: ದೋಷವಿರುವ ಉತ್ಪನ್ನವನ್ನು ಮೂಲ ಪೆಟ್ಟಿಗೆಯಲ್ಲಿಟ್ಟು ಕೊರಿಯರ್ ಮಾಡಿ.

ಮೂಲ ಪೆಟ್ಟಿಗೆಯಲ್ಲಿ ಬಲ್ಯಮ್ಮನ ಕೋಳಿ ಕಾವಿಗೆ ಕೂತಿತ್ತು. ಅದೊಂದೇ ತೊಂದರೆಯಾಗಿದ್ದರೆ ಹೇಗೋ ಆಗುತ್ತಿತ್ತು. ಗೋಣಿಕೊಪ್ಪದ ಕೊರಿಯರ್ ಹುಡುಗ “ಒಳಗೇನುಂಟು?” ಎಂದು ಕೇಳಿದ, ನಾನು ನಿಜ ಹೇಳಿದೆ. ತಕ್ಕಡಿಯ ಮೇಲಿಂದ ಕೈ ತೆಗೆದು, “ಬೇಕಾದರೆ ಕಾಳುಮೆಣಸು ಕಳಿಸಿ ಅಣ್ಣಾ” ಅಂದ.

ಕೊನೆಗೆ ಹೋದದ್ದು ಮಡಿಕೇರಿಯ ಕೋವಿ ರಿಪೇರಿಯವರ ಹತ್ತಿರ, ಮೊದಲೇ ಹೋಗಬೇಕಿದ್ದ ಜಾಗಕ್ಕೆ. ಅವರು ಏನೂ ಕೇಳಲಿಲ್ಲ. ವಿನಾಯಿತಿ ಪತ್ರವನ್ನೊಮ್ಮೆ ನೋಡಿ, ನಾಲ್ಕು ತಿರುಪು ಬಿಚ್ಚಿ, ಫೈರಿಂಗ್ ಪಿನ್ ಹೊರಗೆಳೆದರು. ಅದರ ಸ್ಪ್ರಿಂಗಿನ ಸುರುಳಿ ಸುರುಳಿಯ ನಡುವೆ ಬೆಳ್ಳಗೆ, ಮೇಣದ ಹಾಗೆ ಏನೋ ಮೆತ್ತಿಕೊಂಡಿತ್ತು. ಬೆರಳಿಗೆ ಹಚ್ಚಿ ಮೂಸಿದರು.

“ಸಾವ್ಕಾರ್ರೇ, ಇದಕ್ಕೆ ಎಂಥ ಎಣ್ಣೆ ಹಾಕಿದ್ದು?”

ಬಲ್ಯಪ್ಪ ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. “ಹಬ್ಬಕ್ಕೆ ಹೊಳೆಯಲಿ ಅಂತ, ಸ್ವಲ್ಪ...”

ತೆಂಗಿನೆಣ್ಣೆ! ಇಪ್ಪತ್ತನಾಲ್ಕು ಡಿಗ್ರಿಗಿಂತ ಕೆಳಗಿಳಿದರೆ ಹೆಪ್ಪುಗಟ್ಟುವ ಎಣ್ಣೆ. ನಮ್ಮ ಮಳೆಗಾಲದ ಬೆಳಗು ಇಪ್ಪತ್ತು ಮುಟ್ಟಿದರೆ ಹೆಚ್ಚು. ಕೋವಿಯ ಸುತ್ತಿಗೆ ಬಡಿದಿದೆ, ಪಿನ್ನು ಬೆಣ್ಣೆಯಲ್ಲಿ ಚಮಚ ಹೋದ ಹಾಗೆ ನಿಧಾನಕ್ಕೆ ಹೋಗಿದೆ. ಮರದ ಮೇಲಿದ್ದ ಕಾಯಿಯನ್ನು ಅದರ ಕುಲದವರೇ ಕಾಪಾಡಿದ್ದರು.

ಸೀಮೆಎಣ್ಣೆಯಲ್ಲಿ ತೊಳೆಯುವುದು ಇನ್ನೂ ಮುಗಿದಿರಲಿಲ್ಲ, ಫೋನ್ ಬಂತು. ಹುಬ್ಬಳ್ಳಿಯ ಹುಡುಗಿ.

“ಸರ, ನಿಮ್ಮ ಕಂಪ್ಲೇಂಟ್ ಕ್ಲೋಸ್ ಮಾಡಾಕ ಕಾರಣ ಬೇಕ್ರಿ. ಏನಾಗಿತ್ತು?”

ಬಲ್ಯಪ್ಪನ ಮುಖ ನೋಡಿದೆ. ಅವರು ಕ್ಯಾಲೆಂಡರಿನಲ್ಲಿ ಡಿಸೆಂಬರ್ ತನಕ ಹೋಗಿದ್ದರು.

“ತೆಂಗಿನೆಣ್ಣೆ, ಮೇಡಂ.”

ಆ ಕಡೆ ಸ್ವಲ್ಪ ಹೊತ್ತು ಮೌನ. “ಅದು ಲಿಸ್ಟಿನಾಗ ಇಲ್ರಿ ಸರ. ‘ಇತರೆ’ ಅಂತ ಹಾಕ್ಲೇನ್ರಿ?”