ಕಡಲಲ್ಲಿ ತೊಳೆದ ಹುಣಸೆಹಣ್ಣು

ಇನ್ನೊಂದು ಬಂದರು ಹಸಿರಾಯಿತಂತೆ, ಅಂದರೆ ನಮ್ಮದು ಪರಿಸರ ಕೆಡಿಸದ ಬಂದರು ಅಂತ ಗೇಟಿಗೆ ಹಸಿರು ಬೋರ್ಡು ಹಾಕಿಕೊಂಡಿತಂತೆ. ಯಾವುದು ಅಂತ ಕೇಳಬೇಡಿ. ಹೆಸರು ತೆಗೆದು ಬೇರೆ ಹೆಸರು ಹಾಕಿದರೂ ಸುದ್ದಿಯಲ್ಲಿ ಒಂದಕ್ಷರ ಬದಲಾಗುವುದಿಲ್ಲ. ಫೋಟೊ ಕೂಡ ಅದೇ. ಹಳದಿ ಹೆಲ್ಮೆಟ್ ಹಾಕಿಕೊಂಡ ಏಳೆಂಟು ಜನ, ಎಲ್ಲರ ಕೈಯೂ ಒಂದೇ ಸಸಿಯ ಮೇಲೆ, ಪಾಪ ಅದಕ್ಕೆ ಉಸಿರುಕಟ್ಟಿರಬೇಕು. ಹಿಂದೆ ಒಂದು ಹಡಗು. ಹಡಗಿನ ಕೊಳವೆಯಲ್ಲಿ ಹೊಗೆ. ಫೋಟೊ ತೆಗೆದವನು ಎರಡು ಹೆಜ್ಜೆ ಎಡಕ್ಕೆ ಸರಿದಿದ್ದರೆ ಹೊಗೆ ಬೀಳುತ್ತಿರಲಿಲ್ಲ. ಅವನಿಗೆ ಯಾರೂ ಹೇಳಿಲ್ಲ.

ಇಂಥ ಬಂದರುಗಳ ವಾರ್ಷಿಕ ವರದಿಗಳನ್ನೂ ಓದಿದ್ದೇನೆ. ನನಗೆ ಬೇರೆ ಕೆಲಸ ಇರಲಿಲ್ಲ ಅಂತ ಇಟ್ಟುಕೊಳ್ಳಿ. ಎಲ್ಲವೂ ಹೆಚ್ಚುಕಮ್ಮಿ ಒಂದೇ. ಕಚೇರಿಯ ಬಲ್ಬು ಬದಲಿಸಿದ್ದಾರೆ. ಗೋದಾಮಿನ ಮೇಲೆ ಸೋಲಾರ್ ಹಾಕಿದ್ದಾರೆ. ಸಾಹೇಬರು ಬ್ಯಾಟರಿ ಕಾರಿನಲ್ಲಿ ಓಡಾಡುತ್ತಾರೆ. ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಮಜಾ ಇರುವುದು ಕೊನೆಯ ಲೆಕ್ಕದಲ್ಲಿ. ಹೊಗೆಯ ಲೆಕ್ಕವನ್ನು ಮೂರು ಸ್ಕೋಪು, ಅಂದರೆ ಮೂರು ಭಾಗ, ಮಾಡಿ ಬರೆಯುವುದು ಈಗ ಎಲ್ಲ ಕಡೆ ರೂಢಿ. ಒಂದು, ನೀವೇ ಸುಟ್ಟ ಡೀಸೆಲ್. ಎರಡು, ನೀವು ಕೊಂಡ ಕರೆಂಟು. ಮೂರು, ನಿಮ್ಮ ವ್ಯವಹಾರದ ದೆಸೆಯಿಂದ ಬೇರೆಯವರು ಸುಟ್ಟಿದ್ದು. ಹಡಗು, ಲಾರಿ ಎಲ್ಲ ಈ ಮೂರನೆಯದರಲ್ಲಿ ಬರುತ್ತವೆ. ಬಹಳ ಕಡೆ ಮೂರನೆಯದನ್ನು ಬರೆದರೆ ಬರೆಯಬಹುದು, ಬಿಟ್ಟರೆ ಬಿಡಬಹುದು. ಬಿಟ್ಟರು. ಬಂದರಿನ ಲೆಕ್ಕದಿಂದ ಹಡಗನ್ನೇ ಬಿಟ್ಟರು!

ಹಡಗು ಕಳೆದ ಮೇಲೆ ಬಂದರಿನಲ್ಲಿ ಏನು ಉಳಿಯಿತು ಹೇಳಿ. ಒಂದು ಕಚೇರಿ, ಒಂದು ಕ್ಯಾಂಟೀನು, ಧಾರಾಳ ಗಾಳಿ. ಅಷ್ಟನ್ನು ಹಸಿರು ಮಾಡುವುದು ಯಾರಿಗೂ ಕಷ್ಟವಿಲ್ಲ. ಹೆಂಡದಂಗಡಿಯವನು 'ನಾನು ಒಂದು ತೊಟ್ಟೂ ಕುಡಿಯುವುದಿಲ್ಲ' ಅಂತ ಶಾಲು ಹೊದಿಸಿಕೊಂಡ ಹಾಗೆ ಆಯಿತು ಇದು. ಕಲ್ಲಿದ್ದಲು ಇಳಿಸುವ ಬಂದರಾದರಂತೂ ಇನ್ನೂ ಚೆಂದ. ಸೂರ್ಯನ ಕರೆಂಟಿನಲ್ಲಿ ಬೆಲ್ಟು ತಿರುಗುತ್ತದೆ, ಬೆಲ್ಟಿನ ಮೇಲೆ ಗುಡ್ಡಗುಡ್ಡವೇ ಕಲ್ಲಿದ್ದಲು ಹೋಗುತ್ತದೆ. ಸುಡುವವರು ನಾವಲ್ಲವಲ್ಲ ಸ್ವಾಮಿ!

ಈ ಲೆಕ್ಕದಿಂದ ಬಿಟ್ಟ ಹಡಗು ಧಕ್ಕೆಗೆ, ಅಂದರೆ ಹಡಗುಕಟ್ಟೆಗೆ, ಬಂದು ನಿಂತ ಮೇಲೂ ಸುಮ್ನೆ ಇರುವುದಿಲ್ಲ. ದೀಪ, ಪಂಪು, ಅಡುಗೆಮನೆ, ತಣ್ಣಗಿಡಬೇಕಾದ ಕಂಟೇನರುಗಳು, ಎಲ್ಲದಕ್ಕೂ ಕರೆಂಟು ಬೇಕು. ಅದಕ್ಕೆ ಒಳಗಿನ ಸಣ್ಣ ಎಂಜಿನ್ನುಗಳು ಹಗಲೂ ರಾತ್ರಿ ಓಡುತ್ತವೆ. ಆ ಹೊಗೆ ಹೋಗುವುದು ಸಮುದ್ರದ ನಡುವಿಗಲ್ಲ, ಬಂದರಿನ ಬೇಲಿಯಾಚೆ ಬಟ್ಟೆ ಒಣಗಿಸುವವರ ಮನೆಗೆ. ಇದಕ್ಕೆ ಔಷಧ ಇಲ್ಲ ಅಂತಲ್ಲ. ದಡದಿಂದ ಒಂದು ದಪ್ಪ ವೈರು ಕೊಟ್ಟರೆ ಎಂಜಿನ್ನು ಆರಿಸಬಹುದು. ಲಾಸ್ ಏಂಜಲೀಸ್ ಬಂದರಿನಲ್ಲಿ 2004ರಲ್ಲೇ ಕಂಟೇನರ್ ಹಡಗಿಗೆ ಹೀಗೆ ಕರೆಂಟು ಕೊಟ್ಟರು. ಇಪ್ಪತ್ತು ವರ್ಷದ ಮೇಲಾಯಿತು. ಉಳಿದ ಬಹಳ ಕಡೆ ಇನ್ನೂ ಮಾತುಕತೆಯೇ. ಬಂದರಿನವರು ಹೇಳುತ್ತಾರೆ, ನಾವು ಸಾಕೆಟ್ ಹಾಕಿ ಏನು ಪ್ರಯೋಜನ, ಹಡಗಿನಲ್ಲಿ ಪ್ಲಗ್ಗೇ ಇಲ್ಲ. ಹಡಗಿನವರು ಹೇಳುತ್ತಾರೆ, ಪ್ಲಗ್ ಇಟ್ಟುಕೊಂಡು ಏನು ಮಾಡೋಣ, ಬಂದರಿನಲ್ಲಿ ಸಾಕೆಟ್ಟೇ ಇಲ್ಲ. ಎರಡೂ ಇದ್ದ ಕಡೆ ಇನ್ನೊಂದು ತಕರಾರು: ಹಡಗಿನ ಕರೆಂಟು ಸಾಮಾನ್ಯವಾಗಿ 60 ಹರ್ಟ್ಸ್, ದಡದ್ದು ಬಹಳ ದೇಶಗಳಲ್ಲಿ 50. ಜಾತಕ ಕೂಡಿ ಬರಲಿಲ್ಲ. ಹೊಂದಿಸುವ ಯಂತ್ರ ಇದೆ, ಜಗತ್ತಿಗೆಲ್ಲ ಒಪ್ಪುವ ಪ್ಲಗ್ಗಿನ ಮಾನದಂಡವೂ ಇದೆ. ದುಡ್ಡು ಯಾರದ್ದು ಅನ್ನುವುದಕ್ಕೆ ಮಾತ್ರ ಮಾನದಂಡ ಇಲ್ಲ. ಯುರೋಪಿನ ಒಕ್ಕೂಟ 2030ರಿಂದ ತನ್ನ ದೊಡ್ಡ ಬಂದರುಗಳಲ್ಲಿ ಕಂಟೇನರ್ ಹಡಗು, ಪ್ರಯಾಣಿಕರ ಹಡಗುಗಳಿಗೆ ಇದನ್ನು ಕಡ್ಡಾಯ ಮಾಡಿದೆ. ಕಡ್ಡಾಯ ಅಂದ ಕೂಡಲೇ ಪ್ಲಗ್ಗು ಹುಟ್ಟುತ್ತದೆ, ನೋಡ್ತಾ ಇರಿ.

ಇನ್ನು ಹುಣಸೆಹಣ್ಣಿನ ವಿಷಯ. ಸಮುದ್ರದಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅಂತ ನಮ್ಮಲ್ಲಿ ಒಂದು ಮಾತಿದೆ. ವ್ಯರ್ಥ ಪ್ರಯತ್ನಕ್ಕೆ ಹೇಳುವ ಮಾತು. ಹಡಗಿನ ಎಂಜಿನಿಯರುಗಳು ಅದನ್ನು ಬರೀ ಗಾದೆಯಾಗಿ ಬಿಡದೆ ಯಂತ್ರವನ್ನೇ ಮಾಡಿ ಮಾರಿದ್ದಾರೆ. ಕಥೆ ಹೀಗೆ. ಹಡಗಿನ ಎಣ್ಣೆಯಲ್ಲಿ ಗಂಧಕ 3.5 ಶೇಕಡಾ ತನಕ ಇರಬಹುದಿತ್ತು. 2020ರ ಜನವರಿ 1ರಿಂದ 0.5 ದಾಟಬಾರದು ಅಂತ ಅಂತರರಾಷ್ಟ್ರೀಯ ಕಡಲ ಸಂಸ್ಥೆ, ಅಂದರೆ ಐಎಂಒ, ನಿಯಮ ತಂದಿತು. ನಿಜಕ್ಕೂ ಒಳ್ಳೆಯ ನಿಯಮ. ಆದರೆ ಬಾಗಿಲು ಹಾಕುವಾಗ ಕಿಟಕಿ ತೆರೆದಿಟ್ಟರು. ಹೊಗೆಯನ್ನು ತೊಳೆಯುವ ಸ್ಕ್ರಬ್ಬರ್ ಹಾಕಿಸಿಕೊಂಡರೆ ಹಳೆಯ ಅಗ್ಗದ ಡಾಂಬರಿನಂಥ ಎಣ್ಣೆಯನ್ನೇ ಸುಡಬಹುದು. ಸಾವಿರಾರು ಹಡಗುಗಳು ಹಾಕಿಸಿಕೊಂಡವು.

ಇವುಗಳಲ್ಲಿ ಹೆಚ್ಚಿನವು ಏನು ಮಾಡುತ್ತವೆ ಗೊತ್ತಾ? ಸಮುದ್ರದ ನೀರನ್ನು ಎತ್ತಿ ಹೊಗೆಯ ಮೇಲೆ ಚಿಮುಕಿಸುತ್ತವೆ. ಗಂಧಕ ನೀರಿಗೆ ಇಳಿಯುತ್ತದೆ. ನೀರು ಹುಳಿಯಾಗುತ್ತದೆ. ಅದರ ಜೊತೆ ಹೊಗೆಯಲ್ಲಿದ್ದ ಲೋಹ, ಮಸಿ, ಜಿಡ್ಡು ಎಲ್ಲ. ಆ ಹುಳಿ ನೀರನ್ನು ಎಲ್ಲಿ ಚೆಲ್ಲುತ್ತವೆ? ಬೇರೆ ಎಲ್ಲಿ, ಎತ್ತಿದ ಕಡೆಗೇ. ಆಕಾಶ ಶುದ್ಧ, ಕಾಗದ ಶುದ್ಧ, ಮೀನು ಮಾತ್ರ ಹುಳಿಸಾರಿನಲ್ಲಿ, ಅದೂ ಜೀವ ಇರುವಾಗಲೇ. ಸಿಂಗಪುರ ತನ್ನ ಬಂದರಿನಲ್ಲಿ ಈ ನೀರು ಬಿಡುವುದನ್ನು 2020ರಿಂದಲೇ ನಿಷೇಧಿಸಿತು. ಹೀಗೆ ಬೇಡ ಅಂದ ಬಂದರುಗಳು ಇನ್ನೂ ಇವೆ. ಅಲ್ಲಿ ನಲ್ಲಿ ಮುಚ್ಚಿಕೊಂಡು ಬಂದು, ಗಡಿ ದಾಟಿದ ಮೇಲೆ ತೆರೆದರಾಯಿತು. ಗಾದೆ ಕಟ್ಟಿದ ಅಜ್ಜಿಗೆ ಪೇಟೆಂಟ್ ಮಾಡಿಸುವ ಬುದ್ಧಿ ಇದ್ದಿದ್ದರೆ ಅವಳ ಮೊಮ್ಮಕ್ಕಳು ಇವತ್ತು ಹಡಗು ಕೊಳ್ಳುತ್ತಿದ್ದರು.

ಹಾಗೇ ನೆನಪಾಯಿತು, ಹಡಗುಗಳ ಅವಸರ. ವೇಗ ಎರಡು ಪಟ್ಟಾದರೆ ಎಂಜಿನ್ನಿನ ಶಕ್ತಿ ಸುಮಾರು ಎಂಟು ಪಟ್ಟು ಬೇಕು. ಗೊತ್ತಿದ್ದೂ ಓಡಿಸಿಕೊಂಡು ಬರುತ್ತಾರೆ, ಯಾಕೆಂದರೆ ಬಹಳ ಬಂದರುಗಳಲ್ಲಿ ಮೊದಲು ಬಂದವರಿಗೆ ಮೊದಲು ಜಾಗ. ಬಂದು ಹೊರಗೆ ಲಂಗರು ಹಾಕಿ ದಿನಗಟ್ಟಲೆ ಕಾಯುತ್ತಾರೆ. 'ಗುರುವಾರ ಬನ್ನಿ, ಜಾಗ ಇಟ್ಟಿರುತ್ತೇವೆ' ಅಂತ ಬಂದರಿನವರು ಮೊದಲೇ ಒಂದು ಮಾತು ಹೇಳಿದರೆ ನಿಧಾನವಾಗಿ ಬಂದು ಎಷ್ಟೋ ಎಣ್ಣೆ ಉಳಿಸಬಹುದು. ಸಸಿ ನೆಡುವುದಕ್ಕಿಂತ ಸುಲಭ. ಆದರೆ ಫೋನು ಮಾಡಿದ ಫೋಟೊ ಪತ್ರಿಕೆಯಲ್ಲಿ ಬರುವುದಿಲ್ಲ ಅಲ್ವಾ.

ಜಗತ್ತಿನ ಹಸಿರುಮನೆ ಅನಿಲದಲ್ಲಿ ಹಡಗುಗಳ ಪಾಲು ಸುಮಾರು 3 ಶೇಕಡಾ. ಇದನ್ನು ನಿವ್ವಳ ಲೆಕ್ಕದಲ್ಲಿ ಸೊನ್ನೆಗೆ ತರುತ್ತೇವೆ ಅಂತ ಐಎಂಒ 2023ರಲ್ಲಿ ಬರೆದುಕೊಟ್ಟಿದೆ. ಯಾವಾಗ? '2050ರೊಳಗೆ, ಅಥವಾ ಅದರ ಸುತ್ತಮುತ್ತ, ಅಂದರೆ ಹತ್ತಿರಹತ್ತಿರ.' ನಾನು ಸೇರಿಸಿದ್ದಲ್ಲ, ಮೂಲದ ಇಂಗ್ಲಿಷಿನಲ್ಲೂ ಹೀಗೇ ಮೂರು ಸಲ ಜಾರಿದ್ದಾರೆ. ಬ್ಯಾಂಕಿನವರಿಗೆ ಸಾಲದ ಕಂತನ್ನು ಒಂದನೇ ತಾರೀಕಿನೊಳಗೆ, ಅಥವಾ ಸುತ್ತಮುತ್ತ, ಅಂದರೆ ಹತ್ತಿರಹತ್ತಿರ ಕಟ್ಟುತ್ತೇನೆ ಅಂತ ಬರೆದುಕೊಟ್ಟು ನೋಡಿ.

ಆಮೇಲೆ ಬಂತು ದುಡ್ಡಿನ ಮಾತು. ಮಿತಿ ಮೀರಿ ಹೊಗೆ ಬಿಡುವ ದೊಡ್ಡ ಹಡಗುಗಳು ಅದಕ್ಕೆ ಹಣ ಕಟ್ಟಬೇಕು ಅನ್ನುವ ಐಎಂಒ ಕರಡು ನಿಯಮಕ್ಕೆ 2025ರ ಏಪ್ರಿಲಿನಲ್ಲಿ 63 ದೇಶಗಳು ಹೌದು ಅಂದವು, 16 ಬೇಡ ಅಂದವು. ಅಕ್ಟೋಬರಿನಲ್ಲಿ ಪಕ್ಕಾ ಮಾಡಬೇಕಿತ್ತು. ಅಷ್ಟರಲ್ಲಿ ಅಮೆರಿಕ ಬೆದರಿಸಿತು: ಹೌದು ಅಂದವರಿಗೆ ಸುಂಕ, ವೀಸಾ, ಬಂದರು ಶುಲ್ಕ, ಎಲ್ಲದರಲ್ಲೂ ನೋಡಿಕೊಳ್ಳುತ್ತೇವೆ ಅಂತ. ಸೌದಿ ಅರೇಬಿಯ ಒಂದು ವರ್ಷ ಮುಂದಕ್ಕೆ ಹಾಕೋಣ ಅಂದಿತು. 57 ಮತ ಆ ಕಡೆ, 49 ಈ ಕಡೆ. ಮುಂದಕ್ಕೆ ಹೋಯಿತು.

ಇಲ್ಲಿ ನನಗೆ ನಗು ಬರುವುದಿಲ್ಲ. ಮಾರ್ಷಲ್ ದ್ವೀಪಗಳು ಅಂತ ಒಂದು ಪುಟ್ಟ ದೇಶ ಇದೆ. ಜಗತ್ತಿನ ಹಡಗುಗಳಲ್ಲಿ ದೊಡ್ಡ ಪಾಲು ಅದರ ಧ್ವಜ ಹಾರಿಸುತ್ತದೆ, ಅಂದರೆ ಅಲ್ಲಿ ನೋಂದಣಿ ಮಾಡಿಸಿಕೊಂಡಿದೆ, ಆದರೆ ಆ ನೋಂದಣಿ ನಡೆಸುವ ಕಂಪನಿ ಇರುವುದು ಅಮೆರಿಕದ ವರ್ಜೀನಿಯದಲ್ಲಿ. (ಕಡಲೇ ಇಲ್ಲದ ಮಂಗೋಲಿಯಕ್ಕೂ ಹಡಗಿನ ನೋಂದಣಿ ಇದೆ. ಅದನ್ನು ಇನ್ನೊಂದು ದಿನ ನಗೋಣ.) ಆ ದ್ವೀಪಗಳ ನೆಲ ನೀರಿಗಿಂತ ಸರಾಸರಿ ಎರಡು ಮೀಟರ್ ಮೇಲಿದೆ, ಅಷ್ಟೇ. ಹಡಗಿನ ಹೊಗೆಗೆ ಟನ್ನಿಗೆ 100 ಡಾಲರ್ ತೆರಿಗೆ ಹಾಕಿ ಅಂತ 2021ರಲ್ಲಿ ಸಾಲೊಮನ್ ದ್ವೀಪಗಳ ಜೊತೆ ಸೇರಿ ಕೇಳಿದ್ದು ಇದೇ ದೇಶ. ತನ್ನ ಧ್ವಜದ ಹಡಗುಗಳ ಮೇಲೇ ತೆರಿಗೆ ಹಾಕಿ ಅಂತ ಕೇಳಿತು, ಮುಳುಗುತ್ತಿದ್ದೇವೆ ಅಂತ. ಅವರಿಗೆ ಸಿಕ್ಕ ಉತ್ತರ, ಮುಂದಿನ ವರ್ಷ ನೋಡೋಣ. ಸಾಕಾಗಿ ಹೋಗಿದೆ ಈ ಮುಂದಿನ ವರ್ಷ.

ಬಂದರಿನವರು ನನಗೆ ಹೇಳುವುದು ಗೊತ್ತು. ನಿನ್ನ ಫೋನು, ನಿನ್ನ ಚಪ್ಪಲಿ ಹಾರಿ ಬಂತಾ? ಇಲ್ಲ, ಹಡಗಲ್ಲೇ ಬಂತು. ಟನ್ನಿನ ಲೆಕ್ಕ ಹಿಡಿದರೆ ಲಾರಿಗಿಂತ, ವಿಮಾನಕ್ಕಿಂತ ಹಡಗೇ ಕಡಿಮೆ ಹೊಗೆ ಬಿಡುವುದು. ಎಲ್ಲ ಒಪ್ಪಿದೆ. ಬಂದರು ಮುಚ್ಚಿ ಅಂದವರು ಯಾರು? ನಿಮ್ಮ ಲೆಕ್ಕದ ಪುಸ್ತಕದಲ್ಲಿ ಹಡಗಿಗೂ ಒಂದು ಸಾಲು ಕೊಡಿ ಅಂದೆ, ಅಷ್ಟೇ. ಅಲ್ಲಿಯವರೆಗೆ ಗೇಟಿನ ಮೇಲಿನ ಆ ಹಸಿರು ಬೋರ್ಡಿಗೆ ಬೂದು ಬಣ್ಣ ಹೊಡೆಸಿ. ಕಲ್ಲಿದ್ದಲ ಧೂಳು ಕೂತರೂ ಕಾಣುವುದಿಲ್ಲ. ತೊಳೆಯುವ ನೀರು ಉಳಿಯುತ್ತದೆ. ಅದನ್ನೂ ವರದಿಗೆ ಸೇರಿಸಿಕೊಳ್ಳಬಹುದು.