ಜೂಲಿಯಾನ್ ಮೂರ್‌ಗೆ ಆಸ್ಕರ್ ನಾಮನಿರ್ದೇಶನ ತಪ್ಪಿಸಿದ್ದು ನಿಯಮವಲ್ಲ

ಇಬ್ಬರು ತಾಯಂದಿರ ಸಂಸಾರದ ಕಥೆಯಿರುವ 'ದಿ ಕಿಡ್ಸ್ ಆರ್ ಆಲ್ ರೈಟ್' (2010) ಬಗ್ಗೆ ಒಂದು ಮಾತು ಓಡಾಡುತ್ತಿದೆ: ಒಂದೇ ಚಿತ್ರದ ಇಬ್ಬರನ್ನು ಆಸ್ಕರ್‌ನ ಅತ್ಯುತ್ತಮ ನಟಿ ವಿಭಾಗಕ್ಕೆ ನಾಮನಿರ್ದೇಶನ ಮಾಡುವಂತಿಲ್ಲ, ಆದ್ದರಿಂದ ತಾಯಂದಿರಾಗಿ ನಟಿಸಿದ ಇಬ್ಬರಲ್ಲಿ ಅನೆಟ್ ಬೆನಿಂಗ್ ಉಳಿದರು, ಮೂರ್ ಹೊರಬಿದ್ದರು ಎಂದು. ತಪ್ಪು. ಅಂಥ ನಿಯಮವೇ ಇಲ್ಲ. 1991ರ 'ಥೆಲ್ಮಾ ಅಂಡ್ ಲೂಯಿಸ್'ನ ಇಬ್ಬರೂ ನಾಯಕಿಯರು ಇದೇ ವಿಭಾಗದಲ್ಲಿದ್ದರು.

ಅಡ್ಡಿಯಾಗುವುದು ಎಣಿಕೆಯ ಕ್ರಮ. ನಟನಾ ವಿಭಾಗಗಳ ನಾಮನಿರ್ದೇಶನಕ್ಕೆ ಆಸ್ಕರ್ ಕೊಡುವ ಅಕಾಡೆಮಿಯ ನಟ-ನಟಿ ಸದಸ್ಯರು ಮಾತ್ರ ಮತ ಹಾಕುತ್ತಾರೆ, ಐದು ಹೆಸರುಗಳನ್ನು ಆದ್ಯತೆಯ ಕ್ರಮದಲ್ಲಿ ಬರೆಯುತ್ತಾರೆ. ಮೊದಲು ಲೆಕ್ಕಕ್ಕೆ ಬರುವುದು ಒಂದನೇ ಹೆಸರು. ಐದು ಸ್ಥಾನಗಳಲ್ಲಿ ಒಂದನ್ನು ಪಡೆಯಲು ಬೇಕಾದ್ದು ಆರನೇ ಒಂದು ಪಾಲಿಗಿಂತ ತುಸು ಹೆಚ್ಚು ಮತ. ಬೆನಿಂಗ್ ಮೊದಲು, ಮೂರ್ ಎರಡನೆಯವರು ಎಂದು ಬರೆದ ಚೀಟಿ ಸಾಮಾನ್ಯವಾಗಿ ಬೆನಿಂಗ್ ಲೆಕ್ಕದಲ್ಲೇ ಉಳಿಯುತ್ತದೆ. ಇಬ್ಬರನ್ನೂ ಮೆಚ್ಚಿದವರ ಮತ ಇಬ್ಬರಿಗೂ ಸಿಗುವುದಿಲ್ಲ ಅನ್ನೋದು ಇಲ್ಲಿನ ತೊಡಕು.

ಇನ್ನು, ಚಿತ್ರ ಆಸ್ಕರ್ ಗೆದ್ದಿತು ಎನ್ನುವುದೂ ಸುಳ್ಳು. ಗೆದ್ದದ್ದು ಗೋಲ್ಡನ್ ಗ್ಲೋಬ್: ಸಂಗೀತ ಅಥವಾ ಹಾಸ್ಯ ವಿಭಾಗದ ಚಿತ್ರ, ಜೊತೆಗೆ ಬೆನಿಂಗ್‌ಗೆ ನಟಿ ಪ್ರಶಸ್ತಿ. ಆಸ್ಕರ್‌ನಲ್ಲಿ ಚಿತ್ರ, ನಟಿ, ಪೋಷಕ ನಟ (ಮಾರ್ಕ್ ರಫಲೋ), ಮೂಲ ಚಿತ್ರಕಥೆ ಎಂದು ನಾಲ್ಕು ನಾಮನಿರ್ದೇಶನ, ಪ್ರಶಸ್ತಿ ಸೊನ್ನೆ. ಬೆನಿಂಗ್ ಎದುರು ಗೆದ್ದವರು 'ಬ್ಲ್ಯಾಕ್ ಸ್ವಾನ್'ನ ನಟಾಲಿ ಪೋರ್ಟ್‌ಮನ್.